ಗೇರ್‌ಬಾಕ್ಸಿಗೆ ಜ್ವರ ಬಂದದ್ದು

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನನ್ನನ್ನು ಮಹಾ ದೈವಭಕ್ತ ಎಂದು ತಿಳಿದುಕೊಂಡಿದ್ದಾನೆ. ದಿನಾ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮೊದಲು ನಾನು ಕಾರಿನ ಮುಂದೆ ಹೋಗಿ, ಒಂದು ಕೈ ಬಾನೆಟ್ಟಿನ ಮೇಲೂ ಇನ್ನೊಂದು ಕೈ ನೆಲದ ಮೇಲೂ ಊರಿ, ಹೊಟ್ಟೆ ಅನುಮತಿ ಕೊಟ್ಟಷ್ಟು ಬಗ್ಗಿ, ಕೆಳಗಿನ ಜಾಲರಿಯೊಳಗೆ ಇಣುಕುತ್ತೇನೆ. ದೂರದಿಂದ ನೋಡುವವರಿಗೆ ಅದು ಅರ್ಧಂಬರ್ಧ ದೀರ್ಘದಂಡ ನಮಸ್ಕಾರದ ಹಾಗೆ ಕಾಣುತ್ತದಂತೆ. "ಮೀ ಭಕ್ತಿ ಚಾಲಾ ಗೊಪ್ಪದಿ ಸಾರ್" ಎಂದು ಅವನು ಒಂದು ದಿನ ತೆಲುಗಿನಲ್ಲಿ ಹೇಳಿ ಕೈ ಮುಗಿದ. ನಿಮ್ಮ ಭಕ್ತಿ ಬಹಳ ದೊಡ್ಡದು ಎಂದು ಅದರ ಅರ್ಥ. ಅಲ್ಲಪ್ಪಾ, ನಾನು ನೋಡುತ್ತಿರುವುದು ಅಲ್ಲಿ ಬಟ್ಟೆಯ ಚೂರೇನಾದರೂ ಸಿಕ್ಕಿಕೊಂಡಿದೆಯೋ ಎಂದು, ಅಂತ ಹೇಳಬಹುದಿತ್ತು. ಹೇಳಿದರೆ ಯಾವ ಬಟ್ಟೆ, ಏನು ಕಥೆ ಎಂದು ಕೇಳುತ್ತಾನೆ. ಆ ಕಥೆ ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಹಾಗಾಗಿ ಭಕ್ತನಂತೆ ಮುಗುಳ್ನಕ್ಕು ಸುಮ್ಮನಾದೆ. ನಿಮ್ಮ ಹತ್ತಿರ ಮುಚ್ಚುಮರೆ ಏನು, ಹೇಳಿಬಿಡುತ್ತೇನೆ.

ರಾಣೆಬೆನ್ನೂರಿನ ಕಡೆಯವನಾದ ನಾನು ವರ್ಗಾವಣೆಯ ಮೇಲೆ ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ಬಂದಾಗ ನನಗೆ ಐವತ್ತೆರಡು. ಸಕ್ಕರೆ ಕಾಯಿಲೆ ಶುರುವಾಗಿತ್ತು, ತಲೆಯ ನಡುಭಾಗ ಖಾಲಿಯಾಗಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯ ತೀರ್ಥಯಾತ್ರೆಗೆ ಹೊರಡುತ್ತಾನೆ, ಇಲ್ಲವೇ ಕೆಂಪು ಬಣ್ಣದ ಕಾರು ಕೊಳ್ಳುತ್ತಾನೆ. ಊರು ಬಿಟ್ಟು ಹೊರಟಿದ್ದ ಒಬ್ಬ ಡಾಕ್ಟರ ಹುಡುಗ ತನ್ನ ಟರ್ಬೊ ಎಂಜಿನ್ನಿನ ಕಾರನ್ನು ಮಾರುತ್ತಿದ್ದ. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಅದರ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸಿದ್ದ. ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಮೇಲಾಗಿ ಆಟೋಮ್ಯಾಟಿಕ್. ಮೂವತ್ತು ವರ್ಷ ಕ್ಲಚ್ ತುಳಿದ ನನ್ನ ಎಡಗಾಲಿಗೆ ನಾನೇ ಸ್ವಯಂನಿವೃತ್ತಿ ಮಂಜೂರು ಮಾಡಿದೆ. "ಈ ವಯಸ್ಸಿನಾಗ ನಿಮಗಿದು ಬೇಕಿತ್ತೇನ್ರೀ?" ಎಂದಳು ಹೆಂಡತಿ ಗಿರಿಜಾ. ಅವಳು ಧಾರವಾಡದವಳು. ಅವಳ ಪ್ರಶ್ನೆಗಳಿಗೆ ಉತ್ತರ ಬೇಕಾಗಿರುವುದಿಲ್ಲ.

ಕಾರು ಸಮುದ್ರದ ದಂಡೆಯ ರಸ್ತೆಯಲ್ಲಿ ಹಾರಿತು, ಸಿಂಹಾಚಲದ ಘಾಟಿಯನ್ನು ಒಂದೇ ಉಸಿರಿಗೆ ಹತ್ತಿತು. ಆದರೆ ಗಾಜುವಾಕ ಜಂಕ್ಷನ್ನಿನಲ್ಲಿ ಬಂದರಿನ ಕಂಟೇನರ್ ಲಾರಿಗಳ ಹಿಂದೆ ಅರ್ಧ ಗಂಟೆ ತೆವಳಿದರೆ ಮಾತ್ರ ಅದಕ್ಕೆ ಜ್ವರ ಬರುತ್ತಿತ್ತು. ಗೇರು ಬದಲಾಗುವಾಗ ಯಾರೋ ಹಿಂದಿನಿಂದ ಒದ್ದ ಹಾಗೆ ಜಗ್ಗುತ್ತಿತ್ತು. ಒಳಗೆ ಸೀದ ಒಗ್ಗರಣೆಯ ವಾಸನೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ನಮ್ಮ ಎಡಗಾಲಿನ ಕೆಲಸವನ್ನು ಎಣ್ಣೆ ಮಾಡುತ್ತದೆ. ಎಂಜಿನ್ನಿನ ಅಷ್ಟೂ ಶಕ್ತಿ ಆ ಎಣ್ಣೆಯನ್ನು ಕಡೆದು ಕಡೆದು ಚಕ್ರಕ್ಕೆ ಹೋಗಬೇಕು. ಶಕ್ತಿ ಹೆಚ್ಚಾದಷ್ಟೂ ಕಡೆತ ಹೆಚ್ಚು, ಕಾವು ಹೆಚ್ಚು. ಕಾವು ಮಿತಿ ಮೀರಿದರೆ ಎಣ್ಣೆ ಸುಡುತ್ತದೆ, ಎಣ್ಣೆ ಸುಟ್ಟರೆ ಗೇರ್‌ಬಾಕ್ಸಿನ ಕಥೆ ಮುಗಿಯಿತು. ಡಾಕ್ಟರ ಹುಡುಗ ಶಕ್ತಿ ಹೆಚ್ಚಿಸಿದ್ದ, ತಂಪಿನ ಏರ್ಪಾಡು ಮಾಡಿರಲಿಲ್ಲ.

ಕಾವು ಅಂದರೆ ನನಗೆ ನೆನಪಾಗುವುದು ನಮ್ಮೂರಿನ ಹಿಟ್ಟಿನ ಗಿರಣಿ. ಅದರ ಡೀಸೆಲ್ ಎಂಜಿನ್ನನ್ನು ತಂಪು ಮಾಡಲು ಪಕ್ಕದಲ್ಲಿ ನೀರಿನ ದೊಡ್ಡ ಡ್ರಮ್ಮು ಇಟ್ಟಿದ್ದರು. ಒಂದು ಪೈಪಿನಲ್ಲಿ ತಣ್ಣೀರು ಒಳಗೆ ಹೋಗಿ ಇನ್ನೊಂದರಲ್ಲಿ ಬಿಸಿನೀರು ಹೊರಗೆ ಬರುತ್ತಿತ್ತು. ಜೋಳದ ಬುಟ್ಟಿ ಸರದಿಗೆ ಇಟ್ಟು ನಾವು ಮಕ್ಕಳು ಚಳಿಗಾಲದಲ್ಲಿ ಆ ನೀರಿಗೆ ಕೈ ಒಡ್ಡಿ ನಿಲ್ಲುತ್ತಿದ್ದೆವು. ಗಿರಣಿಯ ರುದ್ರಪ್ಪ, ರೆಪ್ಪೆಯವರೆಗೆ ಹಿಟ್ಟು ಮೆತ್ತಿಕೊಂಡ ಮನುಷ್ಯ, ಆಗಾಗ ಬಂದು ಪೈಪಿನ ಮೇಲೆ ಅಂಗೈ ಇಟ್ಟು ಹತ್ತರವರೆಗೆ ಎಣಿಸುತ್ತಿದ್ದ. ಹತ್ತು ಮುಗಿಯುವ ಮೊದಲೇ ಕೈ ತೆಗೆಯುವಂತಾದರೆ ಎಂಜಿನ್ ಬಂದ್. ಯಾರದೇ ಹಬ್ಬವಿರಲಿ, ಯಾರದೇ ಮದುವೆಯಿರಲಿ, "ಅದಕ್ಕೂ ದಣಿವಾಗತೈತಿ, ಕುಂದ್ರಿ" ಎನ್ನುತ್ತಿದ್ದ. ಯಂತ್ರಕ್ಕೆ ಅಷ್ಟು ಮರ್ಯಾದೆ ಕೊಟ್ಟ ಇನ್ನೊಬ್ಬನನ್ನು ನಾನು ನೋಡಿದ್ದು ಗಾಜುವಾಕದಲ್ಲಿ.

ಅವನ ಹೆಸರು ಅಪ್ಪಲರಾಜು. ಉಕ್ಕಿನ ಕಾರ್ಖಾನೆಗೆ ಹೋಗುವ ರಸ್ತೆಯ ಒಳಗಲ್ಲಿಯಲ್ಲಿ ಅವನ ಗ್ಯಾರೇಜು. ನಲವತ್ತರ ಆಸುಪಾಸಿನ, ಮೆಲುದನಿಯ, ಒಂದು ಮಾತಿಗೆ ಎರಡು ಸಲ ಸಾರ್ ಅನ್ನುವ ಮನುಷ್ಯ. ಅವನು ಆಡುವುದು ತೆಲುಗು, ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲೇ. ನನ್ನ ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿ, "ಇದಕ್ಕೆ ಬೇರೆಯೇ ಒಂದು ಕೂಲರ್ ಹಾಕೋಣ ಸಾರ್" ಎಂದ. ಎರಡು ದಿನ ಕೂತು, ಪುಸ್ತಕದಷ್ಟು ಅಗಲದ ಒಂದು ಪುಟ್ಟ ರೇಡಿಯೇಟರನ್ನು ಮುಂದಿನ ಬಂಪರಿನೊಳಗೆ, ಕೆಳಜಾಲರಿಯ ಎಡಗಡೆಗೆ ಕೂರಿಸಿದ. ಗೇರ್‌ಬಾಕ್ಸಿನ ಬಿಸಿ ಎಣ್ಣೆ ಪೈಪಿನಲ್ಲಿ ಅಲ್ಲಿಗೆ ಬಂದು, ಎದುರುಗಾಳಿಗೆ ಮೈಯೊಡ್ಡಿ, ತಂಪಾಗಿ ವಾಪಸು ಹೋಗಬೇಕು. ಡ್ಯಾಶ್‌ಬೋರ್ಡಿನ ಮೇಲೆ ಎಣ್ಣೆಯ ಕಾವು ತೋರಿಸುವ ಗೋಲಿಯಷ್ಟು ಸಣ್ಣ ಮೀಟರನ್ನೂ ಇಟ್ಟ. ಎಲ್ಲ ಮುಗಿದ ಮೇಲೆ ಒಂದು ಸುತ್ತು ಹೋಗಿ ಬಂದು, ಬಗ್ಗಿ, ಪೈಪಿನ ಮೇಲೆ ಅಂಗೈ ಇಟ್ಟು ಎಣಿಸತೊಡಗಿದ. ಒಕಟಿ, ರೆಂಡು, ಮೂಡು... ರುದ್ರಪ್ಪನೇ ತೆಲುಗು ಕಲಿತು ಬಂದಿದ್ದಾನೆ ಅನ್ನಿಸಿತು.

ಪೂಜೆಗೆಂದು ನಾನು ತಂದಿದ್ದ ಚೆಂಡುಹೂವಿನ ಹಾರವನ್ನು ಅವನು ಮುಂಭಾಗಕ್ಕೆ ಕಟ್ಟಲು ಬಿಡಲಿಲ್ಲ. ಸ್ಟೇರಿಂಗಿಗೆ ಸುತ್ತಿದ. "ಮುಂದೆ ಏನೂ ಕಟ್ಟಬೇಡಿ ಸಾರ್. ದೇವರ ಹಾರ ಆದರೂ ಸರಿ, ಬೇಡ. ಗಾಳಿ ಬರಬೇಕು. ಇದೊಂದೇ ಮಾತು ನೆನಪಿಡಿ" ಎಂದ. ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಮ್ಮ ಬ್ಯಾಂಕಿನವರನ್ನು ಮೀರಿಸುವವರಿಲ್ಲ.

ಆ ಮೇಲೆ ಕಾರು ಮಗುವಿನಂತೆ ಓಡಿತು. ಖುಷಿಗೆ ನಾನು ಊರಲ್ಲಿದ್ದ ಕನ್ನಡದವರಿಗೆಲ್ಲ, ಬ್ಯಾಂಕಿನವರು, ಔಷಧ ಕಂಪನಿಯ ಹುಡುಗರು, ಆಸ್ಪತ್ರೆಯವರು, ಎಲ್ಲರಿಗೂ ಅಪ್ಪಲರಾಜುವಿನ ಗುಣಗಾನ ಮಾಡಿದೆ. ಒಬ್ಬೊಬ್ಬರಾಗಿ ಅವನಲ್ಲಿಗೆ ಹೋಗತೊಡಗಿದರು. ಒಂದು ದಿನ ಅವನು ನಾಚುತ್ತಾ, "ನಿಮ್ಮವರು ಬಹಳ ಬರ್ತಾರೆ ಸಾರ್. ನಿಮ್ಮ ಭಾಷೇಲಿ ನನ್ನ ಹೆಸರು ಬರೆದು ಕೊಡಿ, ಬೋರ್ಡಿಗೆ ಹಾಕಿಸ್ತೀನಿ" ಎಂದ. ಚೀಟಿಯಲ್ಲಿ ಬರೆದುಕೊಟ್ಟೆ. ವಾರದಲ್ಲಿ ಅವನ ಬೋರ್ಡಿನಲ್ಲಿ ತೆಲುಗಿನ ಕೆಳಗೆ ಕನ್ನಡದಲ್ಲಿ ಅಪ್ಪಲರಾಜು ಎಂದು ಬಂತು. ಇಡೀ ಗಾಜುವಾಕಕ್ಕೆ ಕನ್ನಡ ತಂದವನೇ ನಾನು ಎಂಬಂತೆ ಅದರ ಫೋಟೋ ತೆಗೆದು ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಕಳಿಸಿದೆ.

ಆ ವರ್ಷದ ರಾಜ್ಯೋತ್ಸವ ವಿಜಯವಾಡದಲ್ಲಿ, ಗವರ್ನರ್‌ಪೇಟೆಯ ಒಂದು ಹೋಟೆಲಿನ ಸಭಾಂಗಣದಲ್ಲಿ ಎಂದು ನಿಶ್ಚಯವಾಯಿತು. ಎರಡೂ ಊರಿನ ಕನ್ನಡದವರು ಸೇರುವುದು, ನನ್ನದೊಂದು ಭಾಷಣ. ಊರಲ್ಲಿದ್ದಾಗ ರಾಜ್ಯೋತ್ಸವವೆಂದರೆ ನನಗೆ ರಜೆಯ ದಿನ, ಅಷ್ಟೆ. ಊರು ಬಿಟ್ಟ ಮೇಲೆ ನೋಡಿ ಅಭಿಮಾನ ಉಕ್ಕುವುದು. ಹಳದಿ ಕೆಂಪು ಬಟ್ಟೆಯ ಉದ್ದ ಬ್ಯಾನರು ಬರೆಸಿ, ಹೊರಡುವ ಬೆಳಿಗ್ಗೆ ಕಾರಿನ ಮುಂಭಾಗಕ್ಕೆ, ಬಂಪರಿನ ಈ ತುದಿಯಿಂದ ಆ ತುದಿಗೆ ಬಿಗಿದು ಕಟ್ಟಿದೆ.

ಗಿರಿಜಾ ಬುತ್ತಿಯ ಚೀಲ ಹಿಡಿದು ನಿಂತು ನೋಡಿದಳು. "ಅಲ್ರೀ, ಅಪ್ಪಲರಾಜು ಮುಂದ ಏನೂ ಕಟ್ಟಬ್ಯಾಡ್ರಿ ಅಂದಿದ್ನಲ್ಲ?"

"ಅಂವ ಅಂದಿದ್ದು ಹಾರಕ್ಕ. ಇದು ಕನ್ನಡದ ಬ್ಯಾನರ್ ಐತಿ."

ಈ ಮಾತನ್ನು ನಾನು ನಿಜವಾಗಿಯೂ ಆಡಿದೆ. ಗಾಳಿ ಬಣ್ಣ ನೋಡಿ ದಾರಿ ಬಿಡುತ್ತದೆ ಅಂದುಕೊಂಡಿದ್ದೆನೋ ಏನೋ, ದೇವರಿಗೇ ಗೊತ್ತು.

ಹೆದ್ದಾರಿಯಲ್ಲಿ ವೀರಾವೇಶದಿಂದ ಓಡಿಸಿದೆ. ತುನಿ ದಾಟುವ ಹೊತ್ತಿಗೆ ಮುಂದೆ ಏನೋ ಫಟಫಟ ಹೊಡೆದುಕೊಂಡಿತು, ಆಮೇಲೆ ಸದ್ದು ನಿಂತಿತು. ರಾಜಮಂಡ್ರಿಯ ಹತ್ತಿರ ಚಹಾಕ್ಕೆ ಇಳಿದಾಗ ನೋಡಿದರೆ ಬ್ಯಾನರು ಇಲ್ಲ, ಕಟ್ಟಿದ ದಾರ ಮಾತ್ರ ಎರಡು ಮೂಲೆಯಲ್ಲಿ ನೇತಾಡುತ್ತಿತ್ತು. ಗಾಳಿಗೆ ಹರಿದು ಹೋಯಿತು ಎಂದು ಬೇಜಾರು ಮಾಡಿಕೊಂಡು, ಆ ಬೇಜಾರಿಗೆ ಇನ್ನೂ ಜೋರಾಗಿ ಓಡಿಸಿದೆ. ಏಲೂರಿನ ಆಚೆ ರಸ್ತೆ ಕೆಲಸ ನಡೆದಿತ್ತು, ಲಾರಿಗಳ ಹಿಂದೆ ಮುಕ್ಕಾಲು ಗಂಟೆ ತೆವಳಿಕೆ. ಪುಟ್ಟ ಮೀಟರಿನ ಮುಳ್ಳು ಏರಿತು. ತಡವಾಗಿದೆ, ಭಾಷಣ ತಪ್ಪುತ್ತದೆ ಎಂದು ನಾನು ಮೀಟರಿನ ಕಡೆ ನೋಡುವುದನ್ನೇ ಬಿಟ್ಟೆ. ಹನುಮಾನ್ ಜಂಕ್ಷನ್ ಹತ್ತಿರ ಕಾರು ಮೂರನೇ ಗೇರಿಗಿಂತ ಮೇಲೆ ಹೋಗಲಾರೆ ಎಂದು ಹಠ ಹಿಡಿಯಿತು. ಇನ್ನೂ ಒತ್ತಿದೆ. ನಿಂತೇಬಿಟ್ಟಿತು.

ಗವರ್ನರ್‌ಪೇಟೆಯ ಆ ಇಕ್ಕಟ್ಟಿನ ರಸ್ತೆಗೆ ನನ್ನ ಕೆಂಪು ಕಾರು ಕ್ರೇನ್ ಲಾರಿಯ ಬೆನ್ನೇರಿ ಬಂತು. ಆಟೋಗಳೆಲ್ಲ ಹಾರನ್ ಬಾರಿಸಿ ಸ್ವಾಗತಿಸಿದವು. ಸಭಾಂಗಣದ ಬಾಗಿಲಲ್ಲಿ ನಮ್ಮವರೆಲ್ಲ ನಿಂತು ನೋಡುತ್ತಿದ್ದರು. ಅವರೆಲ್ಲರ ಎದುರು ಈ ಕಾರಿನ ಬಗ್ಗೆ ನಾನು ಕೊಚ್ಚಿಕೊಂಡದ್ದೇನು ಕಡಿಮೆಯೇ? ಮೈಕು ಕೈಗೆ ಬಂದಾಗ ಬೆವರು ಇಳಿಯುತ್ತಿತ್ತು. ನಾಡು ನುಡಿಯ ಬದಲು ಬಾಯಿಂದ ಬಂದದ್ದು ಇದು: "ತಡವಾದದ್ದಕ್ಕೆ ಕ್ಷಮಿಸಿ. ಗಾಜುವಾಕದ ಅಪ್ಪಲರಾಜು ಎಂಬ ಮೆಕ್ಯಾನಿಕ್ ನನಗೆ ಮೋಸ ಮಾಡಿದ. ಹೊರಗಿನವರನ್ನು ನಂಬಿದ್ದಕ್ಕೆ ತಕ್ಕ ಶಾಸ್ತಿ ಆಯಿತು. ನಮ್ಮವರು ಯಾರೂ ಇನ್ನು ಅವನ ಹತ್ತಿರ ಹೋಗಬೇಡಿ."

ಹೊರಗಿನವರು! ಅವರ ಊರಿಗೆ ಬಂದು, ಅವರ ನೀರು ಕುಡಿದು, ಅವರನ್ನೇ ಹೊರಗಿನವರು ಅಂದೆ. ಜನ ಅಯ್ಯೋ ಪಾಪ ಎಂದರು. ನನಗೆ ಅದು ಹಿತವಾಗಿತ್ತು. ಸಾಲದು ಎಂದು ವಾಟ್ಸಾಪ್ ಗುಂಪಿನಲ್ಲೂ ಬರೆದೆ.

ಆವತ್ತು ಉಳಿದದ್ದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ, ಅಲ್ಲಿಯ ಶಾಖೆಯಲ್ಲಿದ್ದ ಹಳೆಯ ಗೆಳೆಯ ಪಾಟೀಲನ ಮನೆಯಲ್ಲಿ. ಬೆಳಿಗ್ಗೆ ಮಾಳಿಗೆಯ ಮೇಲೆ ಚಹಾ ಕುಡಿಯುತ್ತಾ ಕೂತರೆ ಎದುರಿಗೆ ವಿದ್ಯುತ್ ಸ್ಥಾವರದ ದೈತ್ಯ ಕೂಲಿಂಗ್ ಟವರುಗಳು ಬಿಳಿಯ ಹಬೆ ಬಿಡುತ್ತಿದ್ದವು. ಪಾಟೀಲ ಅದನ್ನು ತೋರಿಸಿ, "ನಿನ್ನ ಗಾಡಿಗೂ ಇಂಥಾದ್ದೊಂದು ಕಟ್ಟಿಸಪಾ" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ಅಲ್ಲೋ, ಕಾರಣ ಏನಂತ ಬಿಚ್ಚಿ ನೋಡೂದಕ್ಕಿಂತ ಮೊದಲ ಆ ಮನಷ್ಯಾನ ಹೆಸರು ಯಾಕ ತಗದಿ?" ಎಂದ. ಚಹಾ ಆರಿಹೋಗಿದೆ ಎಂದು ನಾನು ಕೆಳಗಿಳಿದು ಬಂದೆ. ಅಲ್ಲಿಯ ಗ್ಯಾರೇಜಿನವನೊಬ್ಬ ಕಪ್ಪಾದ ಎಣ್ಣೆ ಚೆಲ್ಲಿ ಹೊಸದು ತುಂಬಿ, ನಿಧಾನ ಹೋಗಿ ಎಂದು ಕಳಿಸಿದ. ಬಂಪರ್ ಬಿಚ್ಚಿ ನೋಡಲು ಅವನಿಗೂ ಪುರುಸೊತ್ತಿರಲಿಲ್ಲ, ನನಗೆ ಮನಸ್ಸಿರಲಿಲ್ಲ.

ಸುದ್ದಿ ನನಗಿಂತ ಮೊದಲೇ ಗಾಜುವಾಕ ಮುಟ್ಟಿತ್ತು. ಮೂರನೇ ದಿನ ಅಪ್ಪಲರಾಜು ಬ್ಯಾಂಕಿಗೇ ಬಂದ. ಒಗೆದ ಅಂಗಿ ಹಾಕಿಕೊಂಡಿದ್ದ. "ಸಾರ್, ಒಂದೇ ಒಂದು ಸಲ ಬಂಪರ್ ಬಿಚ್ಚಿ ನೋಡ್ತೀನಿ ಸಾರ್. ತಪ್ಪು ನನ್ನದಾದರೆ ನಾನೇ ಸರಿ ಮಾಡ್ತೀನಿ" ಎಂದ. ಕೌಂಟರಿನವರೆಲ್ಲ ನೋಡುತ್ತಿದ್ದರು. "ನನ್ನ ಗಾಡಿ ಮುಟ್ಟಬೇಡ" ಎಂದೆ, ಅವನನ್ನು ನೋಡದೆ, ಕಂಪ್ಯೂಟರಿನ ಪರದೆ ನೋಡುತ್ತಾ. ಪರದೆಯಲ್ಲಿ ಏನೂ ಇರಲಿಲ್ಲ. ಅವನು ಹೊರಟುಹೋದ. ನಮ್ಮವರ ಕಾರುಗಳು ಒಂದೊಂದೇ ಬೇರೆ ಗ್ಯಾರೇಜು ಹಿಡಿದವು. ಒಂದು ಸಂಜೆ ಆ ಗಲ್ಲಿಯ ಮುಂದೆ ಹಾದು ಹೋಗುವಾಗ ನೋಡಿದೆ, ಬೋರ್ಡಿನಲ್ಲಿ ಕನ್ನಡದ ಸಾಲಿನ ಮೇಲೆ ಬಿಳಿ ಬಣ್ಣ ಬಳಿದಿದ್ದರು.

ಅಲ್ಲಿಂದಾಚೆ ಜಂಕ್ಷನ್ನಿನ ಲಾರಿಸಾಲು ತಪ್ಪಿಸಿ, ಕಾರನ್ನು ಮೆಲ್ಲಗೇ ಓಡಿಸುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಆಟೋ ನನ್ನ ಕಾರಿನ ಮೂತಿಗೆ ತಾಗಿತು. ಬಣ್ಣ ಬಳಿಯುವವನು ಬಂಪರ್ ಬಿಚ್ಚಿದ. ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದೆ. "ಸಾರ್, ಇದು ನಿಮ್ಮದಾ?" ಎಂದು ಅವನು ಒಂದು ಬಟ್ಟೆಯನ್ನು ಎತ್ತಿ ಹಿಡಿದ. ಧೂಳು, ಮಸಿ, ಸತ್ತ ಹುಳು ಮೆತ್ತಿಕೊಂಡು ಒಣಗಿ ರಟ್ಟಾಗಿತ್ತು. ಕೊಡವಿದರೆ ಕೆಳಗಿನಿಂದ ಹಳದಿ ಕಂಡಿತು, ಕೆಂಪು ಕಂಡಿತು, ನಾನೇ ಬರೆಸಿದ ಅಕ್ಷರಗಳು ಕಂಡವು. ಹರಿದ ಬ್ಯಾನರು ಎಲ್ಲಿಗೂ ಹಾರಿ ಹೋಗಿರಲಿಲ್ಲ. ಜಾಲರಿಯ ಸಂದಿಯಿಂದ ಒಳಗೆ ನುಗ್ಗಿ, ಅಪ್ಪಲರಾಜು ಕೂರಿಸಿದ ಕೂಲರಿನ ಮೈಗೆ ಅಂಟಿಕೊಂಡು, ಒಂದು ಎಳೆ ಗಾಳಿಯೂ ತಾಗದ ಹಾಗೆ ಅದನ್ನು ಮುಚ್ಚಿ ಕೂತಿತ್ತು. ಅದರ ಹಿಂದೆ ಅವನ ಕೆಲಸ ಅಚ್ಚುಕಟ್ಟಾಗಿ, ಒಂದು ಹನಿ ಎಣ್ಣೆಯೂ ಸೋರದೆ ಇತ್ತು.

ಆವತ್ತು ಸಂಜೆಯೇ ನಾನು ಗುಂಪಿನಲ್ಲಿ ಬರೆದ ಒಕ್ಕಣೆ ಕೇಳಿ: "ಈ ಹಿಂದೆ ತಿಳಿಸಲಾದ ವಾಹನ ದೋಷಕ್ಕೆ ಬಾಹ್ಯ ಕಾರಣಗಳು ಕಂಡುಬಂದಿದ್ದು, ಸದಸ್ಯರು ಗಮನಿಸುವುದು." ಮೂವತ್ತು ವರ್ಷ ಸುತ್ತೋಲೆ ಬರೆದ ಕೈ ಅದು. ಯಾರು ಕಟ್ಟಿದರು, ಯಾರು ಬೈದರು, ಯಾರಿಗೆ ಏಟು ಬಿತ್ತು, ಒಂದೂ ಇಲ್ಲ. ಇಬ್ಬರು ಹೆಬ್ಬೆಟ್ಟು ಒತ್ತಿದರು. ಗಿರಿಜಾ ಓದಿ ಫೋನನ್ನು ಮೇಜಿನ ಮೇಲಿಟ್ಟಳು. "ಇದರಾಗ ಅಪ್ಪಲರಾಜು ಎಲ್ಲಿ ಅದಾನ್ರೀ? ಬೈಯೂ ಮುಂದ ಹೆಸರು ಬಂದಿತ್ತಲ್ಲ ಬಾಯಾಗ?" ಎಂದಳು.

ಮರುದಿನ ಆ ಬಟ್ಟೆಯನ್ನು ಕವರಿನಲ್ಲಿ ಹಾಕಿಕೊಂಡು ಅವನ ಗ್ಯಾರೇಜಿಗೆ ಹೋದೆ. ಅವನು ಕವರು ಬಿಚ್ಚಿ ಬಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ. ಬೈಯಲಿ ಎಂದು ಕಾದೆ. "ಪರ್ವಾಲೇದಂಡಿ, ಪರವಾಗಿಲ್ಲ, ಕೂತ್ಕೊಳ್ಳಿ ಸಾರ್" ಎಂದು ಸ್ಟೂಲು ಒರೆಸಿ ಕೊಟ್ಟ. ನನ್ನ ತಪ್ಪು, ಏನು ಮಾಡಲಿ ಹೇಳು ಎಂದೆ. ಅವನು ಸ್ಪ್ಯಾನರು ಒರೆಸುತ್ತಾ ಹೇಳಿದ.

"ನನ್ನ ಮಗಳಿಗೆ ಯಾರೋ ಸ್ಕೂಲಲ್ಲಿ ಅಂದರಂತೆ ಸಾರ್, ನಿಮ್ಮಪ್ಪ ಮೋಸ ಮಾಡ್ತಾನಂತೆ ಅಂತ. ನೀವು ನನ್ನ ಹತ್ತಿರ ಹೇಳಿದರೆ ಏನು ಬಂತು? ನನಗೆ ಮೊದಲೇ ಗೊತ್ತಿತ್ತು. ಎಲ್ಲಿ ಅಂದ್ರೋ ಅಲ್ಲೇ ಅನ್ನಿ."

ಮುಂದಿನ ರಾಜ್ಯೋತ್ಸವ ಮತ್ತೆ ಅದೇ ಸಭಾಂಗಣದಲ್ಲಿ ಎಂದು ಗೊತ್ತಾದಾಗ ಅಪ್ಪಲರಾಜುವನ್ನು ಜೊತೆಗೆ ಬಾ ಎಂದು ಕರೆದೆ. ಬಂದ. ದಾರಿಯುದ್ದಕ್ಕೂ ಅವನ ಕಣ್ಣು ಪುಟ್ಟ ಮೀಟರಿನ ಮೇಲೇ ಇತ್ತು. ನಾನು ಒಂದು ತಿಂಗಳಿನಿಂದ ಭಾಷಣ ತಯಾರು ಮಾಡಿದ್ದೆ. ತಪ್ಪೊಪ್ಪಿಗೆಯೇ, ಆದರೆ ಸುಮ್ಮನೆ ಒಪ್ಪಿಕೊಂಡರೆ ಹೇಗೆ, ಸ್ವಾರಸ್ಯ ಬೇಡವೇ? ನಿಮಗೆ ಮೇಲೆ ಹೇಳಿದೆನಲ್ಲ, ಎಡಗಾಲಿನ ಸ್ವಯಂನಿವೃತ್ತಿ, ಬಣ್ಣ ನೋಡಿ ದಾರಿ ಬಿಡುವ ಗಾಳಿ, ಇವೆಲ್ಲ ಆ ಭಾಷಣದ್ದೇ ಸಾಮಾನು. ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾ, ಇಂಥ ಹಾಸ್ಯ ಭಾಷಣ ಕೇಳಿ ಎಷ್ಟು ದಿನವಾಯಿತು ಎಂದು ನನಗೆ ಶಾಲು ಹೊದಿಸಿದರು.

ಶಾಲು ಹೊದ್ದುಕೊಂಡೇ ಇಳಿದು ಬಂದು ಕೊನೆಯ ಸಾಲಿನಲ್ಲಿ ಅಪ್ಪಲರಾಜುವಿನ ಪಕ್ಕ ಕೂತೆ. ಅವನಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ತನ್ನ ಹೆಸರು ಬಂದದ್ದು ಗೊತ್ತಾಗಿತ್ತು, ಜನ ನಕ್ಕದ್ದು ಗೊತ್ತಾಗಿತ್ತು. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

"ಎಂದುಕು ನವ್ವಾರು ಸಾರ್?" ಯಾಕೆ ನಕ್ಕರು ಸಾರ್?

ಉತ್ತರ ಇತ್ತು, ಆದರೆ ಅದು ಅವನಿಗೆ ಹೇಳುವಂಥದ್ದಾಗಿರಲಿಲ್ಲ. ನನ್ನ ತಪ್ಪನ್ನು ಜನ ನೋಡಬಾರದು ಎಂದೇ ನಾನು ಅವರನ್ನು ನಗಿಸಿದ್ದೆ. ಮೋಸ ಮಾಡಿದ ಎಂದಾಗ ನಗೆ ಸೇರಿಸಿರಲಿಲ್ಲವಲ್ಲ. ನಾಚಿಕೆಯಿಂದ ಸತ್ತೇಹೋದೆ. ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಮತ್ತೆ ವೇದಿಕೆಗೆ ಹೋದೆ. ವಂದನಾರ್ಪಣೆ ನಡೆಯುತ್ತಿತ್ತು, ಮೈಕು ಕಸಿದುಕೊಂಡೆ ಎಂದೇ ಹೇಳಬೇಕು. "ಅಪ್ಪಲರಾಜು ಮೋಸ ಮಾಡಲಿಲ್ಲ. ಅವನ ಮಾತು ಮೀರಿದವನು ನಾನು. ಹೋದ ವರ್ಷ ಇಲ್ಲಿ ನಿಂತು ನಾನು ಹೇಳಿದ್ದು ಸುಳ್ಳು" ಎಂದೆ. ಅದನ್ನೇ ನನ್ನ ಒಡಕು ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದೆ. ಒಬ್ಬರೂ ನಗಲಿಲ್ಲ. ಕಣ್ಣೆತ್ತಿ ನೋಡುವ ಧೈರ್ಯವಾಗದೆ ಮೈಕಿನ ವಯರು ನೋಡುತ್ತಾ ನಿಂತಿದ್ದೆ. ಅಪ್ಪಲರಾಜು ಏನು ಮಾಡಿದ ಎಂದು ಆಮೇಲೆ ಪಾಟೀಲ ಹೇಳಿದ. ಎದ್ದು ನಿಂತನಂತೆ, ಸಭೆಗೆ ಕೈ ಮುಗಿದನಂತೆ, ಮತ್ತೆ ಕೂತನಂತೆ.

ಹಿಂತಿರುಗುವಾಗ ರಾಜಮಂಡ್ರಿಯಲ್ಲಿ ಚಹಾಕ್ಕೆ ನಿಂತಾಗ ಅವನು ಕೆಳಗೆ ಬಗ್ಗಿ ಪೈಪಿನ ಮೇಲೆ ಅಂಗೈ ಇಟ್ಟ. ಹತ್ತರವರೆಗೆ ಎಣಿಸಿ, ಸರಿಯಾಗಿದೆ ಎಂದು ತಲೆಯಾಡಿಸಿದ. ನಮ್ಮವರ ಕಾರುಗಳಲ್ಲಿ ನಾಲ್ಕೈದು ಅವನಲ್ಲಿಗೆ ಮರಳಿವೆ. ಉಳಿದವರು ಹೊಸ ಗ್ಯಾರೇಜಿಗೆ ಹೊಂದಿಕೊಂಡಿದ್ದಾರೆ, ಅವರನ್ನು ಏನೂ ಅನ್ನುವ ಹಾಗಿಲ್ಲ.

ಮೊನ್ನೆ ಎಣ್ಣೆ ಬದಲಿಸಲು ಹೋಗಿದ್ದೆ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದವನು, ಒಂದು ಕಾಗದದ ಚೂರು, ಒಂದು ಪೆನ್ನು ನನ್ನ ಮುಂದಿಟ್ಟ.

"ಬೋರ್ಡು ಹೊಸದು ಬರೆಸ್ತಿದೀನಿ ಸಾರ್. ನನ್ನ ಹೆಸರು ನಿಮ್ಮ ಭಾಷೇಲಿ ಇನ್ನೊಂದು ಸಲ ಬರೆದು ಕೊಡಿ. ಅವತ್ತು ನೀವು ಕೊಟ್ಟಿದ್ದ ಚೀಟಿ ಸಿಟ್ಟಲ್ಲಿ ಹರಿದು ಹಾಕಿದೆ."

ದಿನಕ್ಕೆ ನೂರು ಕಡೆ ಕಣ್ಣು ಮುಚ್ಚಿ ರುಜು ಹಾಕುವವನು ನಾನು. ಆ ಐದು ಅಕ್ಷರ ಬರೆಯಲು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಅವನು ಅವಸರ ಮಾಡಲಿಲ್ಲ.